ಕಣ್ಣು ತಾಳಬಲ್ಲ ಬೆಳಕು
(ಉಟಗಿಯಲ್ಲಿ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಪ್ರಖರವಾದ ಬೆಳಕನ್ನೂ, ಬೆಳಕಿನ ಜೊತೆಗೇ ಬರುವ ಆದರೆ ಕಾಣಿಸದ ಉಷ್ಣಕಿರಣಗಳನ್ನೂ ಮನುಷ್ಯನ ಕಣ್ಣು ಎಷ್ಟರಮಟ್ಟಿಗೆ ತಾಳಬಲ್ಲುದು, ಆ ಮಿತಿಯನ್ನು ಬಲ್ಲವರು ಹೇಗೆ ಗೊತ್ತುಮಾಡಿದ್ದಾರೆ ಎಂಬುದು ಇಂದು ನಾವು ವಿವೇಚಿಸಬೇಕೆಂದಿರುವ ವಿಷಯ. ಇದು ಪ್ರಯೋಗಶಾಲೆಯಲ್ಲಿ ಕುಳಿತವರ ಮಾತು, ಒಕ್ಕಲುತನ ಮಾಡುವ ನಮಗೇಕೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಸೂರ್ಯಗ್ರಹಣ ನಮ್ಮ ಅಂಗಳದ ಮೇಲೆಯೇ ಆಗುತ್ತದೆ; ಕಂಬಾರರ ಕುಲುಮೆಯೂ ಟ್ರ್ಯಾಕ್ಟರ್ ಟ್ರಾಲಿಗೆ ಬೆಸುಗೆ ಹಾಕುವ ವೆಲ್ಡಿಂಗ್ ಅಂಗಡಿಯೂ ನಮ್ಮ ಹಾದಿಯಲ್ಲಿಯೇ ಇವೆ; ಮೆರವಣಿಗೆಗಳಲ್ಲಿ ಈಗ ಹಿಲಾಲಿನ ಬದಲು ಲೇಸರ್ ದೀಪ ಬಂದಿದೆ. ಇವೆಲ್ಲವನ್ನೂ ಮೊದಲು ಹತ್ತಿರ ಹೋಗಿ ನೋಡುವವರು ಮಕ್ಕಳು.

ವಿಷಯವು ನಮಗೆ ಇನ್ನೊಂದು ಬಗೆಯಿಂದಲೂ ಹತ್ತಿರದ್ದು. ಕ್ರಿ. ಶ. 1868ನೆಯ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವೊಂದು ಹಿಂದುಸ್ತಾನವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿ ಹೋಯಿತು. ಆ ನೆರಳಿನ ದಾರಿ ನಮ್ಮ ಸೀಮೆಯ ಮೇಲೆಯೇ ಇದ್ದಿತು. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಅಧಿಕಾರಿ ರೋಹಿತದರ್ಶಕವನ್ನು ಹೊತ್ತುಕೊಂಡು ಜಮಖಂಡಿಗೆ ಬಂದು ಬಿಡಾರ ಮಾಡಿದನು. ಕ್ಯಾಪ್ಟನ್ ಹೇಗ್ ಎಂಬವನು ವಿಜಾಪುರದಲ್ಲಿ ನಿಂತು ನೋಡಿದನು. ಫ್ರಾನ್ಸಿನ ಜಾನ್ಸನ್ ಗುಂಟೂರಿನಲ್ಲಿ ಇದ್ದನು. ಜಮಖಂಡಿಯಲ್ಲಿ ಅಂದು ಮೋಡ. ಮೋಡದ ನಡುವೆ ಸಿಕ್ಕಿದ ಅಲ್ಪ ಅವಕಾಶದಲ್ಲಿ ಹರ್ಷೆಲ್ಲನಿಗೆ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಉಜ್ವಲ ಗೆರೆಗಳು ಕಂಡವು. ಸೂರ್ಯನ ಆ ಜ್ವಾಲೆಗಳು ಉರಿಯುವ ಅನಿಲವೆಂಬುದು ಆ ದಿನದ ವೀಕ್ಷಣೆಗಳಿಂದ ನಿಶ್ಚಯವಾಯಿತು. ಹಳದಿಯ ಬಳಿಯ ಆ ಗೆರೆ ಹೀಲಿಯಂ ಎಂಬ ಹೊಸ ಧಾತುವಿನದೆಂಬುದು ತರುವಾಯ ತಿಳಿಯಿತು. ಭೂಮಿಯ ಮೇಲೆ ಆ ಧಾತು ಕೈಗೆ ಸಿಕ್ಕಿದ್ದು 1895ರಲ್ಲಿ.

ಈ ಜಾನ್ ಹರ್ಷೆಲ್ಲನ ಅಜ್ಜನೇ ವಿಲಿಯಂ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದವನೆಂದು ಶಾಲೆಯ ಮಕ್ಕಳಿಗೆ ಅವನ ಹೆಸರು ಗೊತ್ತಿರುತ್ತದೆ. ದೂರದರ್ಶಕದಲ್ಲಿ ಸೂರ್ಯನನ್ನು ನೋಡಲು ಅವನು ಬಗೆಬಗೆಯ ಬಣ್ಣದ ಗಾಜುಗಳನ್ನು ಅಡ್ಡ ಹಿಡಿಯುತ್ತಿದ್ದನು. ಆಗ ಅವನಿಗೆ ಒಂದು ವಿಚಿತ್ರ ಕಂಡಿತು. ಕೆಲವು ಗಾಜುಗಳಲ್ಲಿ ಬೆಳಕು ತೀರ ಕಡಿಮೆ, ಆದರೂ ಕಣ್ಣಿಗೆ ಝಳ ಹೊಡೆಯುವುದು. ಬೇರೆ ಕೆಲವುಗಳಲ್ಲಿ ಬೆಳಕು ಹೇರಳ, ಝಳ ಮಾತ್ರ ಇಲ್ಲ. ಬೆಳಕೂ ಉಷ್ಣವೂ ಒಂದೇ ಅಳತೆಯಲ್ಲಿ ಬರುವುದಿಲ್ಲವೆಂದು ತಿಳಿದು, 1800ರಲ್ಲಿ ಅವನು ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪು ಬಣ್ಣದ ಆಚೆಗೆ, ಏನೂ ಕಾಣದ ಕಡೆಯಲ್ಲಿ, ಪಾದರಸ ಇನ್ನೂ ಮೇಲಕ್ಕೆ ಏರಿತು. ನಾವು ಅವಕೆಂಪು ಕಿರಣಗಳೆಂದು ಕರೆಯುವವು ಇವೇ. ಸೂರ್ಯನನ್ನು ನೋಡಲು ತಕ್ಕ ಗಾಜು ಯಾವುದು ಎಂಬ ಪ್ರಶ್ನೆಯಿಂದಲೇ ಅವು ಮನುಷ್ಯನಿಗೆ ಗೊತ್ತಾದವು. ಅಜ್ಜನ ಆ ಪ್ರಶ್ನೆ 68 ವರ್ಷಗಳ ಮೇಲೆ ಮೊಮ್ಮಗನೊಡನೆ ಜಮಖಂಡಿಯವರೆಗೆ ಬಂದಿತೆಂದು ನಾವು ಹೇಳಿದರೆ ಅತಿಶಯವಾಗಲಿಕ್ಕಿಲ್ಲ.

ಇನ್ನು ಕಣ್ಣಿನ ಮಾತಿಗೆ ಬರೋಣ. ಬೂದುಗನ್ನಡಿಯಿಂದ ಬಿಸಿಲನ್ನು ಒಂದೆಡೆಗೆ ಕೂಡಿಸಿ ಕಾಗದ ಸುಟ್ಟ ಹುಡುಗರು ಈ ಸಭೆಯಲ್ಲಿ ಅನೇಕರು ಇರಬಹುದು. ಕಣ್ಣು ಮಾಡುವ ಕೆಲಸವೂ ಅದೇ. ಮುಂದಿನ ಪಾರದರ್ಶಕ ಪೊರೆಯೂ ಒಳಗಿನ ಮಸೂರವೂ ಕೂಡಿ ಸೂರ್ಯನ ಬಿಂಬವನ್ನು ಹಿಂದಿನ ಅಕ್ಷಿಪಟದ ಮೇಲೆ ಸುಮಾರು 0.16 ಮಿಲಿಮೀಟರ್ ಅಗಲದ ಚುಕ್ಕೆಯಾಗಿ ಮೂಡಿಸುತ್ತವೆ. ಪಾಪೆಯ ಅಗಲ 3 ಮಿಲಿಮೀಟರ್ ಇದ್ದರೆ, ಅಷ್ಟು ಅಗಲದ ಬಿಸಿಲೆಲ್ಲವೂ ಆ ಚುಕ್ಕೆಗೆ ಬಂದು, ಒಳಗೆ ಬೆಳಕು ಹೊರಗಿನದಕ್ಕಿಂತ ಸುಮಾರು 350 ಪಟ್ಟು ದಟ್ಟವಾಗುತ್ತದೆಂದು ಲೆಕ್ಕ ಹೇಳುತ್ತದೆ. ಅದು ಬೀಳುವುದಾದರೂ ಎಲ್ಲಿ? ನಾವು ಯಾವುದನ್ನು ದಿಟ್ಟಿಸುತ್ತೇವೆಯೋ ಅದು ಮೂಡುವ ನಡುಭಾಗದಲ್ಲಿಯೇ. ಅಕ್ಷರ ಓದುವುದಕ್ಕೂ ಸೂಜಿಗೆ ದಾರ ಪೋಣಿಸುವುದಕ್ಕೂ ಬೇಕಾದ ಆ ಒಂದಿಷ್ಟು ಜಾಗದಲ್ಲಿಯೇ.

ಅಕ್ಷಿಪಟಕ್ಕೆ ನೋವಿನ ಅರಿವಿಲ್ಲ. ಈ ಒಂದು ಸಂಗತಿಯನ್ನು ತಾಯಂದಿರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕೆಂದು ನಾವು ಬೇಡಿಕೊಳ್ಳುತ್ತೇವೆ. ಕಾದ ಹಂಚಿಗೆ ಬೆರಳು ತಗಲಿದರೆ ಕೈ ತಾನೇ ಹಿಂದಕ್ಕೆ ಬರುತ್ತದೆ. ಅಕ್ಷಿಪಟ ಕೆಡುವಾಗ ಅಂಥ ಸೂಚನೆ ಯಾವುದೂ ಸಿಕ್ಕುವುದಿಲ್ಲ. ಹುಡುಗನು ನಗುತ್ತ ಆಡುತ್ತ ಮನೆಗೆ ಬರುತ್ತಾನೆ. ಕೆಲವು ತಾಸುಗಳ ಮೇಲೆ ಅಥವಾ ಮರುದಿನ ಮುಂಜಾನೆ ನೋಟದ ನಡುವೆ ಕರಿಯ ಕಲೆಯೊಂದು ಕಂಡು, ಎದುರಿಗಿದ್ದವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ ಎನ್ನುತ್ತಾನೆ. ಇದಕ್ಕೆ ಖಚಿತವಾದ ಔಷಧವಿಲ್ಲ. ಅನೇಕರಿಗೆ ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುತ್ತದೆ, ಕೆಲವರಿಗೆ ಕಲೆ ಉಳಿದೇಬಿಡುತ್ತದೆ. 1999ರ ಆಗಸ್ಟಿನ ಗ್ರಹಣದ ತರುವಾಯ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದ ಆಸ್ಪತ್ರೆಗೆ ಇಂಥ ದೂರಿನಿಂದ 45 ಜನರು ಬಂದರು. ಏಳು ತಿಂಗಳಾದ ಮೇಲೂ ಅವರಲ್ಲಿ ಕೆಲವರಿಗೆ ತೊಂದರೆ ಹೋಗಿರಲಿಲ್ಲ. 2017ರಲ್ಲಿ ಅಮೇರಿಕೆಯ ನ್ಯೂಯಾರ್ಕಿನಲ್ಲಿ ತರುಣಿಯೊಬ್ಬಳ ಅಕ್ಷಿಪಟವನ್ನು ಸೂಕ್ಷ್ಮ ಯಂತ್ರದಿಂದ ಪರೀಕ್ಷಿಸಿದಾಗ ಸುಟ್ಟ ಗುರುತಿನ ಆಕಾರ ಕುಡುಗೋಲಿನಂತೆ ಬಾಗಿತ್ತು. ಗ್ರಹಣ ಹಿಡಿದ ಸೂರ್ಯನ ಆಕಾರವೇ ಕಣ್ಣಿನೊಳಗೆ ಅಚ್ಚೊತ್ತಿತ್ತು.

ಗ್ರಹಣದ ಸೂರ್ಯನಿಂದ ವಿಶೇಷವಾದ ವಿಷಕಿರಣಗಳು ಹೊರಡುತ್ತವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹಾಗೇನೂ ಇಲ್ಲ. ಗ್ರಹಣದ ಸೂರ್ಯನೂ ದಿನದ ಸೂರ್ಯನೂ ಒಬ್ಬನೇ. ಹಾಗಾದರೆ ಗ್ರಹಣದಲ್ಲಿಯೇ ಕಣ್ಣು ಕೆಡುವುದೇಕೆ? ದಿನದ ಸೂರ್ಯನನ್ನು ಯಾರೂ ದಿಟ್ಟಿಸುವುದಿಲ್ಲ. ರೆಪ್ಪೆ ಕಾಲು ಸೆಕೆಂಡಿನಲ್ಲಿ ತಾನೇ ಮುಚ್ಚುತ್ತದೆ. ಗ್ರಹಣದಲ್ಲಿ ಸೂರ್ಯನ ಮುಕ್ಕಾಲು ಪಾಲು ಮುಚ್ಚಿತೆಂದರೆ ಸುತ್ತಲಿನ ಬೆಳಕು ಮಂಕಾಗುತ್ತದೆ, ಕಣ್ಣಿಗೆ ಹಿತವೆನಿಸುತ್ತದೆ, ಪಾಪೆ ಅಗಲವಾಗುತ್ತದೆ. ಆದರೆ ಉಳಿದ ಕಾಲು ಪಾಲಿನ ಒಂದೊಂದು ಬಿಂದುವೂ ಮೊದಲಿನಷ್ಟೇ ಪ್ರಖರವಾಗಿರುತ್ತದೆ. ಹತ್ತು ಉರಿಯುವ ಕೊಳ್ಳಿಗಳಲ್ಲಿ ಒಂಬತ್ತನ್ನು ಆರಿಸಿದರೆ ಮನೆಯ ಬೆಳಕು ಕಡಿಮೆಯಾಯಿತು, ಹತ್ತನೆಯ ಕೊಳ್ಳಿಯ ಸುಡುವ ಗುಣ ಕಡಿಮೆಯಾಯಿತೇನು? ಪಾಪೆಯ ಅಗಲ ಎರಡು ಮಿಲಿಮೀಟರಿನಿಂದ ನಾಲ್ಕಕ್ಕೆ ಹೋದರೆ ಒಳಗೆ ನುಗ್ಗುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಹಿತವೆನಿಸಿದ ಹೊತ್ತೇ ಅಪಾಯದ ಹೊತ್ತು. ನಾವು ಇಂದು ಹೇಳಬೇಕಾದ ಮುಖ್ಯ ಮಾತು ಇದೇ. ಕಣ್ಣಿಗೆ ಹಿತವೆನಿಸುವುದು ಒಂದು, ಕಣ್ಣಿಗೆ ಸುರಕ್ಷಿತವಾದದ್ದು ಇನ್ನೊಂದು. ಎರಡನೆಯದನ್ನು ಅಳೆದು ನೋಡಬೇಕಲ್ಲದೆ ಅನುಭವದಿಂದ ಅರಿಯಲಾಗದು.

ಅಳೆಯುವುದೆಂದರೆ ಹೇಗೆ? ಹಾನಿಯಲ್ಲಿ ಎರಡು ಬಗೆಯುಂಟು. ಒಂದು, ಸುಡುವುದು. ಇದು ಹಂಚಿಗೆ ಬೆರಳು ತಗಲಿದಂತೆ; ಕ್ಷಣದಲ್ಲಿ ಆಗಬೇಕು, ಇಲ್ಲವೆ ಉಷ್ಣ ಹರಿದುಹೋಗಿ ಆಗದೆಯೇ ಉಳಿಯಬೇಕು. ಇನ್ನೊಂದು, ಬೆಳಕಿನಿಂದ ಆಗುವ ರಾಸಾಯನಿಕ ಹಾನಿ. ಇದು ಬಣ್ಣದ ಸೀರೆಯನ್ನು ಬಿಸಿಲಿಗೆ ಒಣಹಾಕಿದಂತೆ. ತಾಸು ತಾಸಿಗೆ ಸ್ವಲ್ಪ ಸ್ವಲ್ಪವಾಗಿ ಕೂಡುತ್ತ ಹೋಗುತ್ತದೆ. ಗ್ರಹಣದ ಗಾಯವು ಅವಕೆಂಪು ಕಿರಣಗಳ ಸುಡುವಿಕೆಯಿಂದಲೇ ಆಗುತ್ತದೆಂದು ಬಹುಕಾಲ ತಿಳಿಯಲಾಗಿತ್ತು. 1976ರಲ್ಲಿ ವಿಲಿಯಂ ಹ್ಯಾಮ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ಪ್ರಾಣಿಗಳ ಮೇಲೆ ಪ್ರಯೋಗಮಾಡಿ, ನೀಲಿ ಬೆಳಕು ಅಷ್ಟು ಬಿಸಿಯೇರಿಸದೆಯೇ ಅಕ್ಷಿಪಟವನ್ನು ಕೆಡಿಸಬಲ್ಲುದೆಂದು ತೋರಿಸಿಕೊಟ್ಟರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದವರ ಹಾನಿಗೆ ಮುಖ್ಯ ಕಾರಣ ಈ ನೀಲಿ ಬೆಳಕು. ದುರ್ಬೀನಿನಲ್ಲಿ ನೋಡಿದರೆ ಮಾತ್ರ ಸುಡುವ ಬಗೆಯೂ ಕೂಡಿಕೊಂಡು ಕ್ಷಣಾರ್ಧದಲ್ಲಿ ಕಣ್ಣು ಹೋಗಬಹುದು.

ಇಂಥ ಪ್ರಯೋಗಗಳಲ್ಲಿ ಹಾನಿ ತೋರಿದ ಪ್ರಮಾಣವನ್ನು ಹಿಡಿದು, ಅದಕ್ಕಿಂತ ಸಾಕಷ್ಟು ಕೆಳಗೆ ಮಿತಿಯನ್ನು ಗೊತ್ತುಮಾಡುವುದು ಪದ್ಧತಿ. ಈ ಕೆಲಸಕ್ಕೆಂದೇ ಇರುವ ಅಂತರರಾಷ್ಟ್ರೀಯ ಆಯೋಗವು 2013ರಲ್ಲಿ ಬೆಳಕು ಮತ್ತು ಅವಕೆಂಪು ಕಿರಣಗಳ ಮಿತಿಗಳನ್ನು ಪರಿಷ್ಕರಿಸಿ ಪ್ರಕಟಿಸಿತು. ನೀಲಿ ಬೆಳಕಿನ ವಿಷಯದಲ್ಲಿ ಪ್ರಖರತೆಯನ್ನೂ ಕಾಲವನ್ನೂ ಗುಣಿಸಿ ಬಂದ ಮೊತ್ತಕ್ಕೆ ಮಿತಿಯಿದೆ; 10,000 ಸೆಕೆಂಡುಗಳವರೆಗೆ, ಎಂದರೆ ಮೂರು ತಾಸಿಗೆ ಸ್ವಲ್ಪ ಕಡಿಮೆ ಕಾಲದವರೆಗೆ, ಈ ಗುಣಾಕಾರ ನಡೆಯುತ್ತದೆ. ನಡುಹಗಲಿನ ಸೂರ್ಯನಿಗೆ ಈ ಲೆಕ್ಕ ಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಮಿತಿ ಮುಗಿಯುತ್ತದೆ. ಇಣಿಕಿ ಇಣಿಕಿ ಹತ್ತು ಸಲ ನೋಡಿದರೂ ಅವೆಲ್ಲ ಕೂಡಿಯೇ ಲೆಕ್ಕಕ್ಕೆ ಬರುತ್ತವೆ. ಮಿತಿಯೆಂಬುದು ಹೊಲದ ಬದುವಿನಂತೆ ಈಚೆಗೆ ಕ್ಷೇಮ ಆಚೆಗೆ ಕುರುಡು ಎಂಬ ಗೆರೆಯಲ್ಲವೆಂಬುದನ್ನೂ ಹೇಳಿಬಿಡಬೇಕು. ಎಳೆಯ ಮಕ್ಕಳ ಕಣ್ಣಿನ ಮಸೂರ ಸ್ಫಟಿಕದಂತೆ ತಿಳಿಯಾಗಿರುವುದರಿಂದ ನೀಲಿ ಬೆಳಕು ಅವರಲ್ಲಿ ಮುದುಕರಿಗಿಂತ ಹೆಚ್ಚಾಗಿ ಒಳಹೋಗುತ್ತದೆ.

ಈ ಅಳತೆಯನ್ನು ಹಿಡಿದು ನಮ್ಮ ಹಳೆಯ ಉಪಾಯಗಳನ್ನು ಪರೀಕ್ಷಿಸಿ ನೋಡೋಣ. ಗ್ರಹಣ ನೋಡುವ ಕನ್ನಡಕಕ್ಕೆ 2015ರ ಅಂತರರಾಷ್ಟ್ರೀಯ ಮಾನಕವೊಂದಿದೆ. ಅದರ ಸಂಖ್ಯೆ 12312-2. ಅದರಂತೆ ಕಾಣುವ ಬೆಳಕು ನೂರಕ್ಕೆ 0.0032ಕ್ಕಿಂತ ಹೆಚ್ಚು, ಎಂದರೆ ಮೂವತ್ತು ಸಾವಿರದಲ್ಲಿ ಸುಮಾರು ಒಂದು ಪಾಲಿಗಿಂತ ಹೆಚ್ಚು, ಹಾಯಕೂಡದು. ಅವಕೆಂಪು ಕಿರಣ ನೂರಕ್ಕೆ 3ನ್ನು ಮೀರಕೂಡದು. ಪರಾತದಲ್ಲಿ ಅರಿಶಿನದ ನೀರನ್ನೋ ಸೆಗಣಿಯ ನೀರನ್ನೋ ಇಟ್ಟು ಅದರಲ್ಲಿ ಗ್ರಹಣವನ್ನು ನೋಡುವ ವಾಡಿಕೆ ನಮ್ಮಲ್ಲಿದೆ. ಹೊತ್ತು ನೆತ್ತಿಯ ಮೇಲಿದ್ದಾಗ ನೀರಿನ ಮೇಲ್ಮೈ ನೂರಕ್ಕೆ 2ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಆಗಸದತ್ತ ನೋಡುವುದಕ್ಕಿಂತ ಇದು ಐವತ್ತು ಪಾಲು ಮೇಲು, ನಿಜ. ಆದರೆ ಮಾನಕ ಒಪ್ಪುವುದಕ್ಕಿಂತ ಆರುನೂರು ಪಟ್ಟಿಗೂ ಹೆಚ್ಚು. ಸೂರ್ಯ ಇಳಿದಂತೆ ನೀರಿನಿಂದ ಬರುವ ಬೆಳಕು ಇನ್ನೂ ಹೆಚ್ಚುತ್ತದೆ. ಹಿರಿಯರ ಬುದ್ಧಿಯನ್ನು ನಾವು ಹಳಿಯುವುದಿಲ್ಲ. ಆಗಸಕ್ಕೆ ಮುಖವೆತ್ತಬೇಡ ಎಂಬ ಅವರ ಎಚ್ಚರಿಕೆ ಸರಿಯಾದದ್ದೇ. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕ ನೂರಕ್ಕೆ ಹತ್ತರಷ್ಟು ಬೆಳಕನ್ನು ಬಿಟ್ಟುಕೊಡುತ್ತದೆ. ಅದಕ್ಕಿಂತ ಅದನ್ನು ಹಾಕಿಕೊಳ್ಳದಿರುವುದು ಲೇಸು, ಏಕೆಂದರೆ ರೆಪ್ಪೆಗೆ ಬರಬೇಕಾದ ಎಚ್ಚರವನ್ನೂ ಅದು ಕಸಿದುಕೊಳ್ಳುತ್ತದೆ. ದೀಪದ ಮಸಿ ಹಿಡಿಸಿದ ಗಾಜು ಒಂದೆಡೆ ದಟ್ಟ, ಒಂದೆಡೆ ತೆಳು. ಬಣ್ಣದ ಫಿಲ್ಮಿನ ಹಳೆಯ ತುಣುಕು ಕಣ್ಣಿಗೆ ಕಪ್ಪಾಗಿ ಕಂಡರೂ ಅವಕೆಂಪು ಕಿರಣಗಳಿಗೆ ತೆರೆದ ಬಾಗಿಲು. ಎಕ್ಸ್‌ರೇ ಹಾಳೆಯಲ್ಲಿ ಎಲುಬಿನ ಚಿತ್ರವಿದ್ದ ಕಡೆ ಬಿಳುಪಾಗಿಯೇ ಇರುತ್ತದಲ್ಲವೆ? ಕನ್ನಡಿಯಂತೂ ಬೇಡವೇ ಬೇಡ. ಐಸಾಕ್ ನ್ಯೂಟನ್ ತಾರುಣ್ಯದಲ್ಲಿ ಒಂದೇ ಕಣ್ಣಿನಿಂದ ಕನ್ನಡಿಯಲ್ಲಿ ಸೂರ್ಯನನ್ನು ಕೆಲವು ಸಲ ನೋಡಿ, ಆ ಬಿಂಬ ಕಣ್ಣಿನಿಂದ ಹೋಗದೆ ಮೂರು ದಿನ ಕತ್ತಲೆಯ ಕೋಣೆಯಲ್ಲಿ ಕುಳಿತನೆಂದು 1691ರ ತನ್ನ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ.

ಇಲ್ಲಿ ಒಂದು ಮಾತನ್ನು ಸಂಕಟದಿಂದಲೇ ಹೇಳಬೇಕಾಗಿದೆ. 2019ರ ಡಿಸೆಂಬರ್ 26ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರು ಮೊದಲಾದ ಕಡೆಗಳಲ್ಲಿ ಕಂಕಣಗ್ರಹಣವಾಗಿ, ನಮ್ಮಲ್ಲಿ ಅದು ಪಾರ್ಶ್ವಗ್ರಹಣವಾಗಿ ಕಂಡಿತು. ಚೆರುವತ್ತೂರಿನಲ್ಲಿ ಜನರು ಸುರಕ್ಷಿತ ಕನ್ನಡಕ ಹಿಡಿದು ಬೆಂಕಿಯ ಬಳೆಯನ್ನು ಕಂಡು ಆನಂದಪಟ್ಟರು. ಅದೇ ಮುಂಜಾನೆ ಕಲಬುರಗಿಯ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ರೋಗ ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ ವಾರ್ತೆ ಪತ್ರಿಕೆಗಳಲ್ಲಿ ಬಂದಿತು. ಆ ತಂದೆತಾಯಿಗಳಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರು ಹೇಳಬಲ್ಲರು? ಅವರಿಗೆ ತಿಳಿಯಹೇಳುವವರು ಇರಲಿಲ್ಲ. ಗ್ರಹಣದಲ್ಲಿ ಅಂಜಬೇಕಾದದ್ದು ಒಂದೇ, ಅದು ಬರಿಗಣ್ಣಿನ ನೋಟ. ಅನ್ನ ನೀರಿಗೆ, ಗರ್ಭಿಣಿಗೆ, ಹೊರಗೆ ಓಡಾಡುವವರಿಗೆ ಅದರಿಂದ ಏನೂ ಆಗದು.

ಈಗ ಕಾಣದ ಕಿರಣಗಳ ಕಡೆಗೆ ಬರೋಣ. ಅವಕೆಂಪು ಕಿರಣಗಳಲ್ಲಿ ಕೆಂಪಿನ ಮಗ್ಗುಲಿನವು, ಎಂದರೆ 780ರಿಂದ 1400 ನ್ಯಾನೊಮೀಟರಿನವು, ಅಕ್ಷಿಪಟದವರೆಗೂ ಹೋಗುತ್ತವೆ. ಅದರಾಚೆಯವು ಮುಂಭಾಗದಲ್ಲಿಯೇ ಇಂಗಿ ಪಾಪೆಯ ಸುತ್ತಲಿನ ಬಣ್ಣದ ಪೊರೆಯನ್ನೂ ಮಸೂರವನ್ನೂ ಬಿಸಿಮಾಡುತ್ತವೆ. ಮಸೂರಕ್ಕೆ ರಕ್ತನಾಳಗಳಿಲ್ಲ, ಅದರ ಬಿಸಿಯನ್ನು ಹೊತ್ತೊಯ್ಯುವವರಿಲ್ಲ. ವರ್ಷಗಟ್ಟಲೆ ಹೀಗಾದರೆ ಅದು ಬೆಂದ ತತ್ತಿಯ ಬಿಳಿಯಂತೆ ಮಬ್ಬಾಗುತ್ತದೆ. ಕಾದ ಗಾಜನ್ನು ಊದುವವರಲ್ಲಿ ಮೋತಿಬಿಂದು ಬೇಗ ಬರುವುದನ್ನು ಯುರೋಪಿನ ವೈದ್ಯರು ಹದಿನೆಂಟನೆಯ ಶತಮಾನದಿಂದಲೇ ಕಂಡಿದ್ದರು. ನಮ್ಮ ದೇಶದಲ್ಲಿಯೂ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪರಿಶಿಷ್ಟದಲ್ಲಿ ಅವಕೆಂಪು ಕಿರಣಗಳಿಂದ ಬರುವ ಮೋತಿಬಿಂದು ಉದ್ಯೋಗದ ರೋಗವೆಂದು ಸೇರಿತ್ತು. 1948ರ ಕಾರ್ಖಾನೆ ಕಾಯ್ದೆಯ 35ನೆಯ ಕಲಮು ಅತಿಯಾದ ಬೆಳಕಿಗೆ ಕಣ್ಣೊಡ್ಡುವವರಿಗೆ ತೆರೆ ಇಲ್ಲವೆ ಕನ್ನಡಕ ಒದಗಿಸುವ ನಿಯಮಕ್ಕೆ ಎಡೆಕೊಟ್ಟಿತ್ತು. ಕಾನೂನು ಕಾರ್ಖಾನೆಯ ಗೇಟಿನವರೆಗೆ ಬಂದಿತು. ತಿದಿಯೊತ್ತುವ ನಮ್ಮ ಕಂಬಾರರ ಗುಡಿಸಲಿಗೆ ಬರಲಿಲ್ಲ.

ಆಯೋಗದ ಮಿತಿ ಹೀಗಿದೆ: 1000 ಸೆಕೆಂಡಿಗಿಂತ ಹೆಚ್ಚು ಕಾಲ ಬೆಂಕಿಯ ಮುಂದಿರುವವನ ಕಣ್ಣಿಗೆ ಒಂದು ಚದರ ಮೀಟರಿಗೆ 100 ವಾಟ್ ಮೀರಿ ಅವಕೆಂಪು ಕಿರಣ ಬೀಳಬಾರದು. ನಡುಹಗಲಿನ ಬಿಸಿಲು ನೆಲದ ಮೇಲೆ ಚದರ ಮೀಟರಿಗೆ ಸುಮಾರು 1000 ವಾಟ್ ಎಂದರೆ ಅಂದಾಜಾದೀತು. ಮಿತಿಯ ಮಟ್ಟದ ತಾಪ ಮುಖಕ್ಕೆ ಬೆಚ್ಚಗೆ ಮಾತ್ರ ತಾಕುತ್ತದೆ, ಚುರುಗುಟ್ಟುವುದಿಲ್ಲ. ಮುಖ ಚುರುಗುಟ್ಟುವ ಮೊದಲೇ ಕಣ್ಣಿನ ಮಿತಿ ದಾಟಿರುತ್ತದೆ. ಚಳಿಯ ದೇಶದಲ್ಲಿ ಈ ಮಿತಿಯನ್ನು ಸ್ವಲ್ಪ ಸಡಿಲಿಸಬಹುದೆಂದು ಆಯೋಗ ಹೇಳುತ್ತದೆ. ಜತ್ತ ತಾಲೂಕಿನ ವೈಶಾಖಕ್ಕೆ ಆ ರಿಯಾಯಿತಿ ಹೇಗೆ ಸಲ್ಲೀತು? ಉಪಾಯವೇನೋ ದುಬಾರಿಯದಲ್ಲ. ಚಿಕ್ಕ ಬೆಂಕಿಯಿಂದ ದೂರ ಇಮ್ಮಡಿಯಾದರೆ ಕಣ್ಣಿಗೆ ಬೀಳುವ ತಾಪ ಕಾಲು ಪಾಲಾಗುತ್ತದೆ. ಕುಲುಮೆಗೂ ಮುಖಕ್ಕೂ ನಡುವೆ ಒಂದು ತಗಡನ್ನು ನಿಲ್ಲಿಸಿದರೆ ಅರ್ಧ ಕೆಲಸವಾಯಿತು. ಕನ್ನಡಕ ಕೊಳ್ಳುವುದಾದರೆ ಅವಕೆಂಪು ಕಿರಣಗಳಿಗೆಂದು ಗುರುತುಳ್ಳದ್ದನ್ನೇ ಕೊಳ್ಳಬೇಕು, ಸಂತೆಯ ಬಣ್ಣದ ಗಾಜನ್ನಲ್ಲ.

ವೆಲ್ಡಿಂಗಿನ ಕಿಡಿಯಲ್ಲಿ ನೀಲಿ ಬೆಳಕಿನ ಜೊತೆಗೆ ನೇರಿಳಾತೀತ ಕಿರಣಗಳೂ ಇವೆ. ಹಗಲು ನಿಂತು ನೋಡಿದವನಿಗೆ ರಾತ್ರಿ ಕಣ್ಣಿನಲ್ಲಿ ಮರಳು ಹಾಕಿದಂತೆ ಉರಿ ಏಳುವುದು ಇದರಿಂದ. ವೆಲ್ಡಿಂಗ್ ಮಾಡುವವನು ಗಾಜು ಹಿಡಿದಿರುತ್ತಾನೆ. ಸುತ್ತ ನೆರೆದ ಹುಡುಗರ ಕೈಯಲ್ಲಿ ಏನಿದೆ? ಆ ಕೆಲಸಕ್ಕೆ ಬಳಸುವ 10 ಅಥವಾ 11ನೆಯ ನಂಬರಿನ ಗಾಜು ಸೂರ್ಯನಿಗೆ ಸಾಲದು. 14ನೆಯ ನಂಬರು ಬೇಕು.

ಲೇಸರಿನ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿ. ರೆಪ್ಪೆ ಮುಚ್ಚುವ ಕಾಲು ಸೆಕೆಂಡನ್ನು ನಂಬಿ ಕಾಣುವ ಬಣ್ಣದ ಲೇಸರಿಗೆ ಒಂದು ಮಿಲಿವಾಟ್ ಎಂಬ ಮಿತಿ ಇಟ್ಟಿದ್ದಾರೆ. ಮೆರವಣಿಗೆಯ ದೀಪಗಳು ಇದನ್ನು ಬಹುಪಾಲು ಮೀರಿದವು. 2023ರ ಗಣೇಶೋತ್ಸವದಲ್ಲಿ ಕೊಲ್ಹಾಪುರ, ನಾಶಿಕ ಭಾಗಗಳಲ್ಲಿ ಇವುಗಳಿಂದ ತರುಣರ ಅಕ್ಷಿಪಟಕ್ಕೆ ಪೆಟ್ಟಾದ ವಾರ್ತೆ ಬಂದಿತು. ಕೊಲ್ಹಾಪುರ ನಮಗೆ ದೂರದ ಊರೇನಲ್ಲ. ಉತ್ಸವದ ಕಮಿಟಿಯವರು ಡಿ.ಜೆ.ಗೆ ಮುಂಗಡ ಕೊಡುವಾಗಲೇ ಲೇಸರ್ ಬೇಡವೆಂದು ಬರೆಸಿಕೊಂಡರೆ ಹಣವೂ ಉಳಿದೀತು.

2027ರ ಆಗಸ್ಟ್ 2ರಂದು ಮಧ್ಯಾಹ್ನದ ಮೇಲೆ ನಮ್ಮ ಸೀಮೆಗೂ ಪಾರ್ಶ್ವಗ್ರಹಣವಿದೆ, ಮಳೆಗಾಲದ ಮೋಡ ಬಿಟ್ಟುಕೊಟ್ಟರೆ. 2031ರ ಮೇ 21ರಂದು ಕೇರಳ, ತಮಿಳುನಾಡುಗಳಲ್ಲಿ ಕಂಕಣಗ್ರಹಣವಾಗುವಾಗ ನಮ್ಮಲ್ಲಿ ಸೂರ್ಯನ ಹೆಚ್ಚಿನ ಪಾಲು ಮುಚ್ಚಲಿದೆ. ಸಂಸ್ಥೆಯವರು ಆ ಹೊತ್ತಿಗೆ ಮಾನಕದ ಗುರುತುಳ್ಳ ಕೆಲವು ಕನ್ನಡಕಗಳನ್ನು ತರಿಸುವುದು ಒಳ್ಳೆಯದು. ಗೀರು ಬಿದ್ದದ್ದನ್ನೂ ತೂತಾದದ್ದನ್ನೂ ಹರಿದು ಎಸೆಯಬೇಕು. ಕನ್ನಡಕ ಸಾಲದಿದ್ದರೆ ಚಿಂತೆಯಿಲ್ಲ. ತಗಡಿನ ಶೆಡ್ಡಿನ ತೂತಿನಿಂದ ನೆಲದ ಮೇಲೆ ಬೀಳುವ ದುಂಡನೆಯ ಬಿಸಿಲುಚುಕ್ಕೆಗಳನ್ನು ಎಲ್ಲರೂ ಕಂಡಿದ್ದೀರಿ. ಅವು ತೂತಿನ ಆಕಾರವಲ್ಲ, ಸೂರ್ಯನ ಚಿತ್ರಗಳೇ. ಗ್ರಹಣದ ದಿನ ಅವೆಲ್ಲ ಕುಡುಗೋಲಾಗುತ್ತವೆ, ಬೇವಿನ ಮರದ ನೆರಳಿನಲ್ಲಿಯೂ ಸಾವಿರ ಕುಡುಗೋಲು ಕಾಣುತ್ತವೆ. ಶಾಲೆಯಲ್ಲಿ ಮಾಡಬೇಕಾದದ್ದು ಇಷ್ಟು: ಕೈಗನ್ನಡಿಗೆ ಕಾಗದ ಅಂಟಿಸಿ ನಡುವೆ ಜೋಳದ ಕಾಳಿನಷ್ಟು ತೂತು ಬಿಡಿ. ಅದನ್ನು ಬಯಲಿನಲ್ಲಿ ಕಟ್ಟೆಯ ಮೇಲೆ ಅಲುಗದಂತೆ ನಿಲ್ಲಿಸಿ, ಬಾಗಿಲಿನಿಂದ ಕತ್ತಲೆಯ ವರ್ಗದೊಳಗಿನ ಬಿಳಿಗೋಡೆಗೆ ಬೆಳಕನ್ನು ಹಾಯಿಸಿ. ಗೋಡೆ ಇಪ್ಪತ್ತು ಮೀಟರ್ ದೂರವಿದ್ದರೆ ಸೂರ್ಯನ ಬಿಂಬ ಗೇಣಿನಷ್ಟು ಅಗಲವಾಗಿ ಮೂಡುತ್ತದೆ. ಮಕ್ಕಳೆಲ್ಲರೂ ಕನ್ನಡಿಗೆ ಬೆನ್ನು ಮಾಡಿ ಗೋಡೆಯ ಕಡೆಗೆ ಮುಖಮಾಡಿ ಕುಳಿತುಕೊಳ್ಳಲಿ. ಕನ್ನಡಿಯ ಬಳಿ ಗುರುಗಳೊಬ್ಬರು ನಿಂತು, ಆ ಬೆಳಕಿಗೆ ಯಾರೂ ಕಣ್ಣೊಡ್ಡದಂತೆ ಕೊನೆಯವರೆಗೂ ಕಾಯಬೇಕು.